ಒಂದೇ ಕಂಪ್ಯೂಟರಿನಲ್ಲಿ ಎರಡು ಓಎಸ್ ಹಾಕಿದರೆ ರ‍್ಯಾಮ್ ಅರ್ಧವಾಗುತ್ತದೆಯೇ?

ವಿಂಡೋಸ್ 10ಕ್ಕೆ ಬೆಂಬಲ ನಿಂತಿದೆ, ನಿಮ್ಮ ಹಳೆಯ ಲ್ಯಾಪ್‌ಟಾಪ್ ಇನ್ನು ಗುಜರಿಗೇ ಸೈ ಎನ್ನುವ ಧಾಟಿಯ ಸಂದೇಶ ನಿಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: ಚಿಂತೆ ಬೇಡ, ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಹಾಕಿಕೊಳ್ಳಿ, ಪುಕ್ಕಟೆ. ಆಮೇಲೆ ಮೂರನೆಯದು, ಸಾಕಷ್ಟು ಕೆಂಪು ಚಿಹ್ನೆಗಳ ಜೊತೆಗೆ: ಯಾರೂ ಹಾಗೆ ಮಾಡಬೇಡಿ, ಎರಡು ಓಎಸ್ ಹಾಕಿದರೆ ರ‍್ಯಾಮ್ ಅರ್ಧರ್ಧ ಹಂಚಿಹೋಗುತ್ತದೆ, ಹಾರ್ಡ್ ಡಿಸ್ಕ್ ಬೇಗ ಸವೆಯುತ್ತದೆ, ವಿಂಡೋಸ್ ಲೈಸೆನ್ಸ್ ರದ್ದಾಗುತ್ತದೆ, ಎಲ್ಲರಿಗೂ ತಿಳಿಸಿ.

ಈ ಮೂರನೆಯ ಸಂದೇಶದಲ್ಲಿರುವ ಭಯಗಳು ಬಹುತೇಕ ಸುಳ್ಳು. ಆದರೆ ಈ ಕೆಲಸದಲ್ಲಿ ನಿಜವಾದ ಅಪಾಯಗಳೂ ಇವೆ. ವಿಚಿತ್ರವೆಂದರೆ ಅವು ಮೂರರಲ್ಲಿ ಯಾವ ಸಂದೇಶದಲ್ಲೂ ಇರುವುದಿಲ್ಲ.

ಮೊದಲು ಗುಜರಿಯ ಮಾತು ಮುಗಿಸೋಣ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು ನಿಜ. ಹಾಗೆಂದು ಆ ದಿನ ಯಾವ ಕಂಪ್ಯೂಟರೂ ನಿಂತುಹೋಗಲಿಲ್ಲ. ನಿಂತದ್ದು ತಿಂಗಳು ತಿಂಗಳು ಬರುತ್ತಿದ್ದ ಭದ್ರತಾ ತೇಪೆಗಳು. ಇನ್ನಷ್ಟು ಕಾಲ ಅವು ಬೇಕೆನ್ನುವವರಿಗೆ ಪ್ರತ್ಯೇಕ ನೋಂದಣಿ ಯೋಜನೆಯೊಂದನ್ನೂ ಕಂಪನಿ ಇಟ್ಟಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಮತ್ತು ಸ್ವಲ್ಪ ಹೊಸ ಪ್ರೊಸೆಸರ್ ಬೇಕು. ಎಂಟು-ಹತ್ತು ವರ್ಷದ ಹಿಂದಿನ ಬಹಳಷ್ಟು ಲ್ಯಾಪ್‌ಟಾಪ್‌ಗಳು ಈ ಪರೀಕ್ಷೆಯಲ್ಲಿ ಫೇಲ್. ಕೀಬೋರ್ಡ್ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ಆದರೂ ಹೊಸದು ಕೊಳ್ಳಬೇಕೇ ಎಂಬ ಪ್ರಶ್ನೆ ಅನೇಕರಿಗೆ ಬಂದಿರುವುದು ಇದರಿಂದಲೇ.

ಪವರ್ ಬಟನ್ ಒತ್ತಿದ ಮೇಲೆ ಏನಾಗುತ್ತದೆ?

ಆಪರೇಟಿಂಗ್ ಸಿಸ್ಟಮ್ ಅಂದರೆ ಕಾರ್ಯಾಚರಣ ವ್ಯವಸ್ಥೆ. ಕಂಪ್ಯೂಟರಿನ ಯಂತ್ರಾಂಶವನ್ನು ಆಳುವ ಮೂಲ ತಂತ್ರಾಂಶ ಅದು. ವಿಂಡೋಸ್ ಒಂದು, ಲಿನಕ್ಸ್ ಇನ್ನೊಂದು. ಲಿನಕ್ಸ್ ಹೆಸರು ಕೇಳಿಯೇ ಇಲ್ಲ ಅನ್ನುವವರೂ ದಿನವಿಡೀ ಅದನ್ನು ಬಳಸುತ್ತಿರುತ್ತಾರೆ: ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳಪಾಯ ಲಿನಕ್ಸ್ ಕರ್ನೆಲ್.

ಕಂಪ್ಯೂಟರ್ ಆನ್ ಆದಾಗ ಮೊದಲು ಎಚ್ಚರಾಗುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಒಂದು ಸಣ್ಣ ತಂತ್ರಾಂಶ. ಹಿಂದೆ ಅದನ್ನು ಬಯಾಸ್ ಎನ್ನುತ್ತಿದ್ದರು, ಈಗಿನದು ಯುಇಎಫ್‌ಐ. ರ‍್ಯಾಮ್, ಕೀಬೋರ್ಡ್, ಡಿಸ್ಕ್ ಎಲ್ಲ ಇವೆಯೇ ಎಂದು ಅದು ನೋಡುತ್ತದೆ. ಆಮೇಲೆ ಡಿಸ್ಕಿನಲ್ಲಿ ಇದಕ್ಕೆಂದೇ ಮೀಸಲಿಟ್ಟ ಒಂದು ಪುಟ್ಟ ಭಾಗಕ್ಕೆ ಹೋಗುತ್ತದೆ. ಈ ಭಾಗ ಸಾಮಾನ್ಯವಾಗಿ ಕೆಲವು ನೂರು ಎಂಬಿ ಅಷ್ಟೇ. ವಿಂಡೋಸ್ ತಾನೇ ಮಾಡಿಕೊಂಡಿದ್ದಾದರೆ ಹೆಚ್ಚಾಗಿ 100 ಎಂಬಿ. ಯಾವ ಓಎಸ್ ಅನ್ನು ಹೇಗೆ ಎಬ್ಬಿಸಬೇಕು ಎಂದು ತಿಳಿದಿರುವ ಬೂಟ್‌ಲೋಡರ್ ಎಂಬ ಸಣ್ಣ ಕಾರ್ಯಕ್ರಮಗಳು ಇರುವುದು ಅಲ್ಲಿ.

ಒಂದೇ ಓಎಸ್ ಇದ್ದರೆ ನಿಮಗೆ ಇದ್ಯಾವುದೂ ಕಾಣಿಸುವುದಿಲ್ಲ. ಎರಡು ಇದ್ದರೆ ಗ್ರಬ್ ಎಂಬ ಬೂಟ್‌ಲೋಡರ್ ಒಂದು ಪಟ್ಟಿ ತೋರಿಸಿ ಕೆಲವು ಸೆಕೆಂಡು ಕಾಯುತ್ತದೆ. ಬಾಣದ ಗುರುತಿನ ಕೀಲಿಯಿಂದ ಒಂದನ್ನು ಆರಿಸಿ ಎಂಟರ್ ಒತ್ತಿದರೆ ಅದು ಮಾತ್ರ ರ‍್ಯಾಮ್‌ಗೆ ಬರುತ್ತದೆ. ಇನ್ನೊಂದು? ಡಿಸ್ಕಿನ ಮೇಲೆ ಫೈಲುಗಳಾಗಿ ಬಿದ್ದಿರುತ್ತದೆ, ನಿಮ್ಮ ಹಳೆಯ ಸಿನಿಮಾ ಫೈಲುಗಳ ಹಾಗೆ. ಇದೇ ಡ್ಯುಯಲ್ ಬೂಟ್.

ಹೆಸರು ಕೇಳಿ ಡ್ಯುಯಲ್ ಸಿಮ್ ನೆನಪಾಗುವುದು ಸಹಜ. ಆದರೆ ಹೋಲಿಕೆ ಸರಿಹೋಗುವುದಿಲ್ಲ. ಎರಡು ಸಿಮ್‌ಗಳು ಒಟ್ಟಿಗೆ ಎಚ್ಚರವಾಗಿರುತ್ತವೆ. ಡ್ಯುಯಲ್ ಬೂಟ್ ಶಿಫ್ಟ್ ಪದ್ಧತಿಯ ಶಾಲೆಯ ಹಾಗೆ: ಕಟ್ಟಡ ಒಂದೇ, ಬೆಳಗ್ಗೆ ಒಂದು ಶಾಲೆ, ಮಧ್ಯಾಹ್ನ ಇನ್ನೊಂದು. ಬೆಂಚು, ಬೋರ್ಡು, ಫ್ಯಾನು ಆಗ ಪೂರ್ತಿ ಅವರದು, ಈಗ ಪೂರ್ತಿ ಇವರದು. ಬೀರುಗಳು ಮಾತ್ರ ಬೇರೆ ಬೇರೆ.

ಹಾಗಾಗಿ 8 ಜಿಬಿ ರ‍್ಯಾಮ್ ಇದ್ದರೆ ವಿಂಡೋಸ್‌ಗೂ ಪೂರ್ತಿ 8 ಜಿಬಿ, ಲಿನಕ್ಸ್‌ಗೂ ಪೂರ್ತಿ 8 ಜಿಬಿ. ಪ್ರೊಸೆಸರಿನ ಲೆಕ್ಕವೂ ಅದೇ. ರ‍್ಯಾಮ್ ಹಂಚಿಹೋಗುತ್ತದೆ ಎಂಬ ಮಾತು ಹುಟ್ಟಿದ್ದು ಬಹುಶಃ ವರ್ಚುವಲ್ ಮಷೀನ್‌ನಿಂದ. ಓಡುತ್ತಿರುವ ವಿಂಡೋಸ್ ಒಳಗೇ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶ ಹಾಕಿ, ಅದರೊಳಗೆ ಲಿನಕ್ಸ್ ಓಡಿಸುವ ವಿಧಾನ ಅದು. ಅಲ್ಲಿ ಎರಡೂ ಒಟ್ಟಿಗೆ ಎದ್ದಿರುವುದರಿಂದ ರ‍್ಯಾಮ್ ನಿಜವಾಗಿಯೂ ಹಂಚಿಹೋಗುತ್ತದೆ, 4 ಜಿಬಿಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಎರಡೂ ಬೇರೆ ಬೇರೆ ವಿಷಯ.

ಡ್ಯುಯಲ್ ಬೂಟ್‌ನಲ್ಲಿ ನಿಜವಾಗಿ ಹಂಚಿಹೋಗುವುದು ಡಿಸ್ಕಿನ ಜಾಗ. ಲಿನಕ್ಸ್ ಮಿಂಟ್ ಕನಿಷ್ಠ 20 ಜಿಬಿ ಕೇಳುತ್ತದೆ, ನೆಮ್ಮದಿಯಾಗಿ ಕೆಲಸ ಮಾಡಲು 100 ಜಿಬಿ ಇರಲಿ ಎನ್ನುತ್ತದೆ. ಅಷ್ಟನ್ನು ವಿಂಡೋಸ್ ಬಿಟ್ಟುಕೊಡಬೇಕು. ಡಿಸ್ಕ್ ಸವೆಯುವ ಮಾತಿಗೆ ಅರ್ಥವಿಲ್ಲ: ಓದು-ಬರಹ ಹೆಚ್ಚಿದಷ್ಟು ಸವೆತ, ಎರಡು ಓಎಸ್ ಒಟ್ಟಿಗೆ ಬರೆಯುವುದೇ ಇಲ್ಲ. ಲೈಸೆನ್ಸ್ ಕೂಡ ರದ್ದಾಗುವುದಿಲ್ಲ. ವಿಂಡೋಸ್ ಸಮೇತ ಮಾರಾಟವಾದ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಅದರ ಕೀಲಿ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುತ್ತದೆ. ಡಿಸ್ಕಿನಲ್ಲಿ ಏನೇ ಮಾಡಿದರೂ ಅದಕ್ಕೆ ಧಕ್ಕೆಯಿಲ್ಲ.

'ಡಿ ಡ್ರೈವ್ ಎಲ್ಲಿ ಹೋಯ್ತು?'

ಈಗ ಯಾರೂ ಫಾರ್ವರ್ಡ್ ಮಾಡದ ಅಪಾಯಕ್ಕೆ ಬರೋಣ. ಇದನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ.

ಸುಮಾರು ಹತ್ತು ವರ್ಷದ ಹಿಂದೆ ನಮ್ಮ ಮನೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲು ಕೂತಿದ್ದೆವು. 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್. ಸಿ ಡ್ರೈವ್‌ನಲ್ಲಿದ್ದ ಬೇಕಾದ ಫೈಲುಗಳನ್ನೆಲ್ಲ ಡಿ ಡ್ರೈವ್‌ಗೆ ಸಾಗಿಸಿ, ಇನ್ನು ಸಿ ಹಾಳಾದರೂ ಚಿಂತೆಯಿಲ್ಲ ಎಂದುಕೊಂಡೆವು. ಬ್ಯಾಕಪ್ ಎಂದು ನಾವು ತಿಳಿದದ್ದು ಅದನ್ನೇ. ಇನ್‌ಸ್ಟಾಲ್ ಮಾಡುವಾಗ ಪರದೆಯ ಮೇಲೆ ಎರಡು ಆಯ್ಕೆ ಬಂತು. ವಿಂಡೋಸ್ ಜೊತೆಗೆ ಹಾಕಲೇ? ಡಿಸ್ಕ್ ಅಳಿಸಿ ಹಾಕಲೇ? 'ಡಿಸ್ಕ್' ಎಂದರೆ ನಾವು ಆಗಷ್ಟೇ ಖಾಲಿ ಮಾಡಿದ ಭಾಗ ಎಂದು ತಿಳಿದು ಎರಡನೆಯದನ್ನು ಒತ್ತಿದೆವು. ಇಪ್ಪತ್ತು ನಿಮಿಷದಲ್ಲಿ ಹೊಸ ಓಎಸ್ ಥಳಥಳ ಎಂದು ಎದ್ದು ಬಂತು. ಸಂಜೆ ಅಪ್ಪ ಬಂದು ನೋಡಿ ಕೇಳಿದ್ದು ಒಂದೇ ಮಾತು: "ಡಿ ಡ್ರೈವ್ ಎಲ್ಲಿ ಹೋಯ್ತು?"

ಅದರಲ್ಲಿ ಅವರ ನಿವೃತ್ತಿಯ ದಿನದ ಬೀಳ್ಕೊಡುಗೆಯ ಫೋಟೋಗಳಿದ್ದವು, ವಿಡಿಯೋ ಇತ್ತು.

ಸಿ ಮತ್ತು ಡಿ ಎರಡು ಬೇರೆ ಬೇರೆ ಡಿಸ್ಕುಗಳು, ಸಿ ಹೋದರೂ ಡಿ ಸುರಕ್ಷಿತ ಎಂಬ ನಂಬಿಕೆ ನಮ್ಮಲ್ಲಿ ಬಹಳ ಆಳವಾಗಿದೆ. ರಿಪೇರಿ ಅಂಗಡಿಯಲ್ಲಿ "ಸಿ ಮಾತ್ರ ಫಾರ್ಮ್ಯಾಟ್ ಮಾಡ್ತೀವಿ ಸಾರ್, ಡಿಗೆ ಏನೂ ಆಗಲ್ಲ" ಎಂದು ಕೇಳಿ ಕೇಳಿ ಬೆಳೆದದ್ದು. ವಿಂಡೋಸ್ ಮರುಸ್ಥಾಪಿಸುವಾಗ ಆ ಮಾತು ಸರಿಯೇ. ಆದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಒಂದೇ ಡಿಸ್ಕ್. ಸಿ, ಡಿ ಎಂಬುದು ಅದೇ ಡಿಸ್ಕಿನ ಮೇಲೆ ಎಳೆದ ಗೆರೆಗಳು, ಒಂದೇ ಹೊಲದ ನಡುವಿನ ಬದುವಿನ ಹಾಗೆ. 'ಡಿಸ್ಕ್ ಅಳಿಸು' ಎಂದರೆ ಬದುಗಳ ಸಮೇತ ಇಡೀ ಹೊಲ ಉಳುವುದು. ಮೇಲಾಗಿ ಲಿನಕ್ಸ್‌ನಲ್ಲಿ ಸಿ, ಡಿ ಎಂಬ ಹೆಸರುಗಳೇ ಇಲ್ಲ. ಅಲ್ಲಿ ಅವು ಎಸ್‌ಡಿಎ1, ಎಸ್‌ಡಿಎ2 ಎಂಬಂತೆ ಕಾಣಿಸುತ್ತವೆ, ಗುರುತು ಹಿಡಿಯುವುದಕ್ಕೆ ಗಾತ್ರ ನೋಡಬೇಕು.

ನಮ್ಮ ಪುಣ್ಯಕ್ಕೆ ಅದು ಹಳೆಯ ಮಾದರಿಯ ಹಾರ್ಡ್ ಡಿಸ್ಕ್. ಅಂಥ ಡಿಸ್ಕಿನಲ್ಲಿ ಅಳಿಸುವುದೆಂದರೆ ಮೊದಲಿಗೆ ವಿಳಾಸಪಟ್ಟಿ ಹರಿದುಹಾಕುವುದಷ್ಟೇ. ಮೇಲೆ ಹೊಸದನ್ನು ಬರೆಯುವ ತನಕ ಹಳೆಯ ಮಾಹಿತಿ ಅಲ್ಲೇ ಇರುತ್ತದೆ. ಕಂಪ್ಯೂಟರನ್ನು ತಕ್ಷಣ ಆರಿಸಿ, ಡಿಸ್ಕ್ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿ, ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿದೆವು. ಸಾವಿರಾರು ಫೋಟೋಗಳು ಮರಳಿದವು, ಆದರೆ ಹೆಸರಿಲ್ಲದೆ, ಫೋಲ್ಡರಿಲ್ಲದೆ, ಪ್ರತಿಯೊಂದಕ್ಕೂ ಎಫ್ ಅಕ್ಷರ ಮತ್ತೊಂದು ಉದ್ದನೆಯ ಸಂಖ್ಯೆ. ವಿಡಿಯೋ ಚೂರುಚೂರಾಗಿ ಸಿಕ್ಕಿತು, ಓಡಲಿಲ್ಲ. ಈಗಿನ ಎಸ್‌ಎಸ್‌ಡಿ ಆಗಿದ್ದರೆ ಇಷ್ಟೂ ಸಿಗುತ್ತಿದ್ದುದು ಅನುಮಾನ. ಅಳಿಸಿದ ಜಾಗವನ್ನು ಎಸ್‌ಎಸ್‌ಡಿ ತಾನೇ ಗುಡಿಸಿ ಖಾಲಿ ಮಾಡಿಟ್ಟುಕೊಳ್ಳುತ್ತದೆ.

ಆದ್ದರಿಂದ ಬ್ಯಾಕಪ್ ಎಂದರೆ ಹೊರಗಿನ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿ, ಕೆಲಸ ಮುಗಿಯುವವರೆಗೆ ಅದರ ಕೇಬಲನ್ನು ಕಿತ್ತು ಪಕ್ಕಕ್ಕಿಡುವುದು. ಕಿತ್ತಿಡುವುದು ಮುಖ್ಯ. ಸಿಕ್ಕಿಸಿಯೇ ಇದ್ದರೆ ಇನ್‌ಸ್ಟಾಲ್ ಮಾಡುವಾಗ ಅದೂ ಪಟ್ಟಿಯಲ್ಲಿ ಬರುತ್ತದೆ, ಅವಸರದಲ್ಲಿ ಅದನ್ನೇ ಆರಿಸಿದವರೂ ಇದ್ದಾರೆ.

48 ಅಂಕಿಯ ಕೀಲಿ

ಎರಡನೆಯ ಅಪಾಯ ಹೊಸ ಲ್ಯಾಪ್‌ಟಾಪ್ ಇರುವವರಿಗೆ. ವಿಂಡೋಸ್ 11ರ ಅನೇಕ ಯಂತ್ರಗಳಲ್ಲಿ ಡಿಸ್ಕಿನಲ್ಲಿರುವುದೆಲ್ಲ ತಾನಾಗಿಯೇ ಗೂಢಲಿಪಿಗೆ ಬದಲಾಗಿರುತ್ತದೆ. ಈ ವ್ಯವಸ್ಥೆಯ ಹೆಸರು ಬಿಟ್‌ಲಾಕರ್. ಲ್ಯಾಪ್‌ಟಾಪ್ ಕಳುವಾದರೆ ಕಳ್ಳನಿಗೆ ಫೈಲು ಸಿಗಬಾರದೆಂಬ ಒಳ್ಳೆಯ ಉದ್ದೇಶ. ಆದರೆ ಅದು ಆನ್ ಆಗಿರುವುದು ಎಷ್ಟೋ ಮಾಲೀಕರಿಗೇ ಗೊತ್ತಿರುವುದಿಲ್ಲ. ಬೂಟ್ ಆಗುವ ಕ್ರಮದಲ್ಲಿ ಅಥವಾ ಸೆಕ್ಯೂರ್ ಬೂಟ್ ಸೆಟ್ಟಿಂಗ್‌ನಲ್ಲಿ ಬದಲಾವಣೆ ಕಂಡರೆ ಬಿಟ್‌ಲಾಕರ್‌ಗೆ ಸಂಶಯ ಬರುತ್ತದೆ. ಮುಂದಿನ ಸಲ ಆನ್ ಮಾಡಿದಾಗ ನೀಲಿ ಪರದೆಯಲ್ಲಿ 48 ಅಂಕಿಯ ಕೀಲಿ ಕೇಳುತ್ತದೆ. ಕೀಲಿ ಇಲ್ಲದಿದ್ದರೆ ಕಂಪನಿಯವರೂ ತೆರೆಯಲಾರರು.

ಕೀಲಿ ಹೆಚ್ಚಾಗಿ ನೀವು ಲ್ಯಾಪ್‌ಟಾಪಿಗೆ ಮೊದಲ ದಿನ ಲಾಗಿನ್ ಆದ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಆ ಖಾತೆ ಯಾರದು ಎಂಬುದೇ ಸಮಸ್ಯೆ. ಅಂಗಡಿಯ ಹುಡುಗ ತನ್ನ ಐಡಿ ಹಾಕಿ ಚಾಲೂ ಮಾಡಿಕೊಟ್ಟದ್ದೋ, ಮಗಳು ಕಾಲೇಜಿನ ಇಮೇಲ್ ಹಾಕಿದ್ದೋ ಇದ್ದರೆ ಹುಡುಕಾಟ ಶುರು. ಏನನ್ನೂ ಮುಟ್ಟುವ ಮೊದಲೇ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ, ಇಲ್ಲವೇ ಸೆಟ್ಟಿಂಗ್ಸ್‌ನಲ್ಲಿ ಬಿಟ್‌ಲಾಕರ್ ಆಫ್ ಮಾಡಿ, ಅದು ಪೂರ್ತಿ ಮುಗಿಯುವವರೆಗೆ ಕಾಯಿರಿ. ಕೀಲಿಯ ಫೋಟೋವನ್ನು ಅದೇ ಲ್ಯಾಪ್‌ಟಾಪಿನಲ್ಲಿ ಇಡುವುದರಿಂದ ಪ್ರಯೋಜನವಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಇನ್ನೊಂದು ಸಣ್ಣ ತೊಡಕು 'ಫಾಸ್ಟ್ ಸ್ಟಾರ್ಟಪ್'. ಈ ಸೌಲಭ್ಯ ಆನ್ ಇದ್ದಾಗ ನೀವು ಶಟ್ ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಬೇಗ ಏಳಲೆಂದು ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಹಾಗೇ ಕಾದಿಟ್ಟಿರುತ್ತದೆ. ಬೆಳಗಿನ ಶಾಲೆಯವರು ಪುಸ್ತಕಗಳನ್ನು ಬೆಂಚಿನ ಮೇಲೇ ಹರಡಿ ಹೋದ ಹಾಗೆ. ಆಗ ಲಿನಕ್ಸ್‌ನಿಂದ ವಿಂಡೋಸ್ ಭಾಗದ ಫೈಲು ತೆರೆದರೆ ಓದಲು ಮಾತ್ರ ಬಿಡುತ್ತದೆ, ಒತ್ತಾಯದಿಂದ ಬರೆದರೆ ಹಾಳಾಗುವ ಸಂಭವವಿದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಇದನ್ನು ಆಫ್ ಮಾಡಬಹುದು.

ಮಾಡುವುದಾದರೆ ಹೇಗೆ?

ಮೊದಲು ಪೆನ್‌ಡ್ರೈವ್‌ನಲ್ಲಿ ರುಚಿ ನೋಡಿ. ಉಬುಂಟು, ಲಿನಕ್ಸ್ ಮಿಂಟ್‌ನಂಥವು ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಓಡುತ್ತವೆ. ವೈಫೈ ಸಿಗುತ್ತದೆಯೇ, ಸೌಂಡ್ ಬರುತ್ತದೆಯೇ, ಪ್ರಿಂಟರ್ ಮಾತು ಕೇಳುತ್ತದೆಯೇ ಎಂದು ನೋಡಿಕೊಂಡು, ಇಷ್ಟವಾಗದಿದ್ದರೆ ಕಿತ್ತುಹಾಕಿದರೆ ಮುಗಿಯಿತು. ಈ ಪೆನ್‌ಡ್ರೈವ್ ಮಾಡುವಾಗ ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದನ್ನೇ ತೆಗೆದುಕೊಳ್ಳಿ.

ಓಎಸ್ ಫೈಲನ್ನು ಫಾರ್ವರ್ಡ್ ಆಗಿ ಬಂದ ಲಿಂಕಿನಿಂದ ಇಳಿಸಿಕೊಳ್ಳಬೇಡಿ, ನೇರ ಅಧಿಕೃತ ತಾಣಕ್ಕೇ ಹೋಗಿ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಅಧಿಕೃತ ತಾಣಕ್ಕೇ ಕನ್ನ ಹಾಕಿ, ಹಿಂಬಾಗಿಲು ಇಟ್ಟ ನಕಲಿ ಫೈಲಿಗೆ ಲಿಂಕ್ ತಿರುಗಿಸಿದ್ದ ಪ್ರಸಂಗ ನಡೆದಿತ್ತು. ತಾಣದಲ್ಲಿ ಕೊಟ್ಟಿರುವ ಚೆಕ್‌ಸಮ್ ಸಂಖ್ಯೆಯನ್ನು ಹೋಲಿಸಿ ನೋಡಿ ಎಂದು ಬಲ್ಲವರು ಹೇಳುವುದು ಇದಕ್ಕೇ.

ಎರಡನ್ನೂ ಹೊಸದಾಗಿ ಹಾಕುವುದಾದರೆ ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ. ಹಳೆಯ ಬಯಾಸ್ ಕಾಲದಲ್ಲಿ ಬೂಟ್‌ಲೋಡರಿಗೆ ಇದ್ದದ್ದು ಡಿಸ್ಕಿನ ಮೊದಲ 512 ಬೈಟ್‌ಗಳ ಒಂದು ಗೂಡು. ವಿಂಡೋಸ್ ಇನ್‌ಸ್ಟಾಲ್ ಆಗುವಾಗ ಅಲ್ಲಿ ಯಾರಿದ್ದಾರೆಂದು ಕೇಳದೆ ತಾನೇ ಕೂರುತ್ತಿತ್ತು. ಯುಇಎಫ್‌ಐ ಬಂದ ಮೇಲೆ ಪ್ರತಿಯೊಬ್ಬರಿಗೂ ಬೇರೆ ಫೋಲ್ಡರ್, ಜಗಳ ಕಡಿಮೆ. ಆದರೂ ಸಾಲಿನಲ್ಲಿ ಮುಂದೆ ನಿಲ್ಲುವ ಅಭ್ಯಾಸ ವಿಂಡೋಸ್‌ಗೆ ಹೋಗಿಲ್ಲ.

ಲಿನಕ್ಸ್‌ಗೆ ಜಾಗ ಬಿಡಿಸುವ ಕೆಲಸವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡಿಕೊಳ್ಳುವುದು ಒಳ್ಳೆಯದು. ತನ್ನ ಮನೆಯ ಗೋಡೆ ಎಲ್ಲಿದೆಯೆಂದು ಅದಕ್ಕೇ ಚೆನ್ನಾಗಿ ಗೊತ್ತು. ಬಿಡಿಸಿದ ಜಾಗಕ್ಕೆ ಹೊಸ ಡ್ರೈವ್ ಹೆಸರು ಕೊಡದೆ ಖಾಲಿಯಾಗಿಯೇ ಬಿಡಿ. ಆಮೇಲೆ ಪೆನ್‌ಡ್ರೈವ್‌ನಿಂದ ಎದ್ದು, 'ವಿಂಡೋಸ್ ಜೊತೆಗೆ' ಎಂಬ ಆಯ್ಕೆ. ಅದು ಕಾಣಿಸದೆ 'ಡಿಸ್ಕ್ ಅಳಿಸಿ' ಎಂಬುದು ಮಾತ್ರ ಕಂಡರೆ ಅಲ್ಲೇ ನಿಲ್ಲಿಸಿ, ಹೊರಬನ್ನಿ. ಬಿಟ್‌ಲಾಕರ್ ಆನ್ ಇರಬಹುದು, ಅಥವಾ ಡಿಸ್ಕಿನ ಸೆಟ್ಟಿಂಗ್ ಬೇರೆ ರೀತಿ ಇರಬಹುದು. ಹೇಗೂ ಇಷ್ಟು ದೂರ ಬಂದೆವಲ್ಲ ಎಂದು ಮುಂದೆ ಒತ್ತಬೇಡಿ.

ಒಮ್ಮೆ ಸರಿಯಾಗಿ ಹಾಕಿದ ಮೇಲೂ ಅಪರೂಪಕ್ಕೆ ಎಡವಟ್ಟು ಆಗುವುದುಂಟು. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಭದ್ರತಾ ಅಪ್‌ಡೇಟ್ ಒಂದರಿಂದ, ಡ್ಯುಯಲ್ ಬೂಟ್ ಮಾಡಿಕೊಂಡಿದ್ದ ಅನೇಕರ ಯಂತ್ರದಲ್ಲಿ ಲಿನಕ್ಸ್ ಏಳಲೇ ಇಲ್ಲ. ಹಳೆಯ, ದೋಷವಿದ್ದ ಬೂಟ್‌ಲೋಡರ್‌ಗಳನ್ನು ತಡೆಯುವ ಕ್ರಮ ಅದು. ಡ್ಯುಯಲ್ ಬೂಟ್ ಯಂತ್ರಗಳನ್ನು ಬಿಟ್ಟು ಜಾರಿಯಾಗಬೇಕಿತ್ತು, ಅವುಗಳಿಗೂ ತಗುಲಿತು. ಫೈಲುಗಳೇನೂ ಹೋಗಿರಲಿಲ್ಲ. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ ಸರಿಪಡಿಸಿಕೊಳ್ಳಬೇಕಾಯಿತು. ಇಂಥದ್ದಕ್ಕೆ ತಲೆ ಕೆಡಿಸಿಕೊಳ್ಳಲು ಸಮಯವಿಲ್ಲ, ಮನೆಯಲ್ಲಿ ಕೇಳಲು ಯಾರೂ ಇಲ್ಲ ಎಂದರೆ ಡ್ಯುಯಲ್ ಬೂಟ್ ನಿಮಗಲ್ಲ ಎಂಬುದು ನಮ್ಮ ಅಭಿಪ್ರಾಯ.

ಎರಡೂ ಯಾಕೆ ಬೇಕು?

ಬ್ರೌಸರ್, ಇಮೇಲ್, ಯೂಟ್ಯೂಬ್, ಪತ್ರ ಬರೆಯುವುದು ಇಷ್ಟೇ ಆದರೆ ಲಿನಕ್ಸ್ ಒಂದೇ ಸಾಕು. ವಿಂಡೋಸ್ ಉಳಿಸಿಕೊಳ್ಳುವವರಿಗೆ ಅವರದೇ ಕಾರಣಗಳಿರುತ್ತವೆ. ಅಂಗಡಿ ಲೆಕ್ಕಕ್ಕೆ ಟ್ಯಾಲಿ ಬೇಕು, ತೆರಿಗೆ ಕೆಲಸಕ್ಕೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬೇಕು, ಹಳೆಯ ಸ್ಕ್ಯಾನರ್‌ಗೆ ವಿಂಡೋಸ್ ಡ್ರೈವರ್ ಮಾತ್ರ ಇದೆ.

ಕನ್ನಡಿಗರಿಗೆ ಇನ್ನೂ ಒಂದು ಕಾರಣ: ನುಡಿ ತಂತ್ರಾಂಶದಲ್ಲಿ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟ ಕಡತಗಳು. ಫೋನಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣಿಸುತ್ತವಲ್ಲ, ಅವೇ. ಲಿನಕ್ಸ್‌ನಲ್ಲೂ ಅವು ಹಾಗೇ ಕಾಣುತ್ತವೆ. ವಿಂಡೋಸ್ ತೆಗೆದುಹಾಕುವ ಮೊದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಹೊಸದಾಗಿ ಕನ್ನಡ ಟೈಪ್ ಮಾಡಲು ತೊಂದರೆಯಿಲ್ಲ. ನುಡಿಯಲ್ಲಿ ಕೈ ಪಳಗಿದವರಿಗೆ ಪರಿಚಿತವಾದ ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಲಭ್ಯ.

ಬೆಂಬಲ ನಿಂತ ವಿಂಡೋಸ್ 10 ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ ನಮಗೆ ಸರಿ ಎನಿಸಿದ ಏರ್ಪಾಡು ಇದು: ಇಂಟರ್‌ನೆಟ್, ಬ್ಯಾಂಕು ಎಲ್ಲ ಲಿನಕ್ಸ್‌ನಲ್ಲಿ. ಇಂಟರ್‌ನೆಟ್ ಬೇಡದ ಹಳೆಯ ತಂತ್ರಾಂಶಕ್ಕಷ್ಟೇ ವಿಂಡೋಸ್, ಅದೂ ವೈಫೈ ಆರಿಸಿಟ್ಟು. ಲಿನಕ್ಸ್‌ಗೆ ವಿಂಡೋಸ್ ವೈರಸ್ ತಗುಲುವುದು ಕಷ್ಟ ಎಂಬುದು ನಿಜ. ಆದರೆ ಒಟಿಪಿ ಕೇಳುವ ಮೋಸದ ಪುಟ ಯಾವ ಓಎಸ್‌ನಲ್ಲಿ ತೆರೆದರೂ ಅದೇ ಪುಟ.

ಐದೂವರೆ ಗಂಟೆಯ ಗಡಿಯಾರ

ಡ್ಯುಯಲ್ ಬೂಟ್ ಮಾಡಿದ ವಾರದೊಳಗೆ ನಮ್ಮ ದೇಶದಲ್ಲಿ ಬಹಳ ಜನಕ್ಕೆ ಎದುರಾಗುವ ಪ್ರಶ್ನೆ ಇದು. ಲಿನಕ್ಸ್‌ನಲ್ಲಿ ಕೆಲಸ ಮಾಡಿ, ಮಧ್ಯಾಹ್ನ 3 ಗಂಟೆಗೆ ವಿಂಡೋಸ್‌ಗೆ ಬಂದರೆ ಗಡಿಯಾರ ಬೆಳಗ್ಗೆ 9:30 ತೋರಿಸುತ್ತದೆ. ಮದರ್‌ಬೋರ್ಡಿನ ಸೆಲ್ ಹೋಗಿದೆ ಎಂದು ಅಂಗಡಿಗೆ ಒಯ್ಯುತ್ತಾರೆ, ಗುಂಡಿಯಂಥ ಆ ಸೆಲ್ ಬದಲಾಗುತ್ತದೆ, ಮರುದಿನ ಮತ್ತೆ ಅದೇ ಕಥೆ.

ಸೆಲ್ ಸರಿಯಾಗಿಯೇ ಇರುತ್ತದೆ. ಮದರ್‌ಬೋರ್ಡಿನಲ್ಲಿರುವ ಗಡಿಯಾರ ಒಂದೇ, ಅದನ್ನು ಓದುವ ಪದ್ಧತಿ ಎರಡು. ಅದರಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ತಿಳಿಯುತ್ತದೆ. ಅದರಲ್ಲಿರುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಸಾಮಾನ್ಯವಾದ ಸಮಯ ಎಂದು ಲಿನಕ್ಸ್ ತಿಳಿಯುತ್ತದೆ. ಭಾರತದ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಲಿನಕ್ಸ್ 3 ಗಂಟೆಯನ್ನು 9:30 ಎಂದು ಬರೆದಿಟ್ಟು ಹೋಗಿರುತ್ತದೆ, ವಿಂಡೋಸ್ ಬಂದು ಅದನ್ನು ಇದ್ದ ಹಾಗೆ ಓದುತ್ತದೆ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಕಾರಣ ಇದೇ ಎಂದು ತಿಳಿಯಬಹುದು. ಸೆಲ್ ಹೋದಾಗ ಆಗುವುದೇ ಬೇರೆ: ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ.

ನೀನೂ ಸ್ಥಳೀಯ ಸಮಯವನ್ನೇ ಬರೆ ಎಂದು ಲಿನಕ್ಸ್‌ಗೆ ಒಂದು ಸಾಲಿನ ಆದೇಶ ಕೊಟ್ಟರೆ ಇದು ಸರಿಹೋಗುತ್ತದೆ. ಅಷ್ಟೂ ಬೇಡವೆಂದರೆ ವಿಂಡೋಸ್‌ನಲ್ಲಿ ಇಂಟರ್‌ನೆಟ್ ಆನ್ ಮಾಡಿ, ಡೇಟ್ ಆ್ಯಂಡ್ ಟೈಮ್ ಸೆಟ್ಟಿಂಗ್‌ನಲ್ಲಿ 'ಸಿಂಕ್ ನೌ' ಒತ್ತಿ. ಮುಂದಿನ ಸಲ ಲಿನಕ್ಸ್‌ಗೆ ಹೋಗಿ ಬರುವವರೆಗೆ ಗಡಿಯಾರ ಸರಿಯಾಗಿ ನಡೆಯುತ್ತದೆ.